ಕತ್ತಿ ತಾಗಿದರೆ ಹಬ್ಬುವುದೆ? — ಪರೇಲಿನ ಕ್ಯಾನ್ಸರ್ ಸಂಶೋಧನೆಗಳ ಪರಿಚಯ

ಕಳೆದ ವರ್ಷ ಮಳೆಗಾಲದ ಒಂದು ಸಂಜೆ ವಿಜಾಪುರದ ಕಡೆಯ ಸಹೋದರರೊಬ್ಬರು ನಮ್ಮ ವಾಚನಾಲಯಕ್ಕೆ ಬಂದು, ಆಸ್ಪತ್ರೆಯ ಕಾಗದವೊಂದನ್ನು ಮೇಜಿನ ಮೇಲಿಟ್ಟು, “ಇದರಾಗ ಏನ್ ಬರದಾರ, ಸ್ವಲ್ಪ ಓದಿ ಹೇಳ್ರಿ” ಎಂದರು. ಅವರ ಹೆಂಡತಿಯ ಎದೆಯಲ್ಲಿ ಗಂಟು; ಪರೀಕ್ಷೆಯಾಗಿ ಕ್ಯಾನ್ಸರ್ ಎಂದು ನಿಶ್ಚಯವಾಗಿತ್ತು; ಶಸ್ತ್ರಕ್ರಿಯೆಗೆ ದಿನವನ್ನೂ ಗೊತ್ತುಮಾಡಿದ್ದರು. ಓದಿ ಹೇಳಿದೆ. ಅವರು ಕಾಗದವನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡು, “ಊರಾಗ ಹಿರ್ಯಾರು ಬ್ಯಾಡ ಅಂತಾರ್ರೀ. ಕತ್ತಿ ತಾಗಿದರ ಮೈತುಂಬ ಹಬ್ಬತೈತಿ ಅಂತಾರ. ಖರೆ ಏನ್ರಿ?” ಎಂದು ಕೇಳಿದರು. “ಹಾಗೇನಿಲ್ಲ, ಡಾಕ್ಟರರು ಹೇಳಿದಂತೆ ಮಾಡಿ” ಎಂದಷ್ಟೇ ನಾನು ಹೇಳಬಲ್ಲವನಾಗಿದ್ದೆ. ಅಷ್ಟರಿಂದ ಅವರ ಮನಸ್ಸು ನಿಲ್ಲಲಿಲ್ಲ. ಊರಿಗೆ ಹೋದರು, ಐದು ತಿಂಗಳ ಮೇಲೆ ತಿರುಗಿ ಬಂದರು. ಅಷ್ಟರಲ್ಲಿ ಗಂಟು ಹುಣ್ಣಾಗಿತ್ತು.

ಅಂದು ಕೊಡಲಾರದೆ ಹೋದ ಉತ್ತರವನ್ನು ಹುಡುಕುತ್ತ ಹೋದಾಗ ನನಗೆ ತಿಳಿದುಬಂದ ಸಂಗತಿ ಆಶ್ಚರ್ಯಕರವಾದದ್ದು. ಹಳ್ಳಿಯ ಹಿರಿಯರ ಆ ಮಾತನ್ನು ನಕ್ಕು ತಳ್ಳಿಹಾಕದೆ, ಅದಕ್ಕೆ ಹತ್ತಿರವಾದ ಪ್ರಶ್ನೆಯೊಂದನ್ನೇ ಹಿಡಿದು ವರ್ಷಗಟ್ಟಲೆ ಪರೀಕ್ಷಿಸಿದವರು, ನಮ್ಮ ಬೈಕುಲ್ಲಾದಿಂದ ಚಿಂಚಪೋಕಳಿ, ಕರೀರೋಡ್ ದಾಟಿ ಮೂರನೆಯ ನಿಲ್ದಾಣವಾದ ಪರೇಲಿನಲ್ಲಿಯೇ ಇದ್ದಾರೆ. ಟಾಟಾ ಸ್ಮಾರಕ ಆಸ್ಪತ್ರೆಯ ಹೆಸರು ಕೇಳದ ಕನ್ನಡಿಗರಿಲ್ಲ. ಆದರೆ ಅದು ಚಿಕಿತ್ಸೆಯ ಮನೆ ಮಾತ್ರವಲ್ಲ, ಸಂಶೋಧನೆಯ ಮನೆಯೂ ಹೌದೆಂಬುದನ್ನು ನಾವು ಅಷ್ಟಾಗಿ ಗಮನಿಸಿಲ್ಲ.

ಈ ಆಸ್ಪತ್ರೆಗೂ ಕನ್ನಡ ನಾಡಿಗೂ ಒಂದು ನಂಟುಂಟು. ಸರ್ ದೊರಾಬ್ಜಿ ಟಾಟಾ ಅವರ ಪತ್ನಿ ಮೆಹರ್‌ಬಾಯಿಯವರು 1931ರಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡರು. ಅವರ ತಂದೆ ಹೊರ್ಮಸ್‌ಜಿ ಭಾಭಾ ಅವರು ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯ ಮುಖ್ಯಾಧಿಕಾರಿಗಳಾಗಿದ್ದವರು. ಮಗಳು ಬೆಳೆದದ್ದು ಆ ಸೀಮೆಯಲ್ಲಿ. ಮರುವರ್ಷವೇ ದೊರಾಬ್ಜಿಯವರೂ ಕಾಲವಾದರು. ಅವರ ದತ್ತಿಯ ಹಣದಿಂದ ಪರೇಲಿನಲ್ಲಿ ಆಸ್ಪತ್ರೆ ಎದ್ದು, 1941ರ ಫೆಬ್ರವರಿ 28ರಂದು ತೆರೆಯಿತು. 1957ರಲ್ಲಿ ಅದು ಕೇಂದ್ರ ಸರಕಾರದ ಆರೋಗ್ಯ ಖಾತೆಗೆ ಸೇರಿ, 1962ರಲ್ಲಿ ಅಣುಶಕ್ತಿ ಇಲಾಖೆಯ ಕೈಗೆ ಬಂತು. ಆಗ ಆ ಇಲಾಖೆಯ ಮುಖ್ಯಸ್ಥರಾಗಿದ್ದ ಹೋಮಿ ಭಾಭಾ ಅವರು ಮೆಹರ್‌ಬಾಯಿಯವರ ಸೋದರನ ಮಗ.

ಇನ್ನು ಕತ್ತಿಯ ಮಾತಿಗೆ ಬರೋಣ.

ನಮ್ಮ ಮೈಯೆಲ್ಲ ಸಣ್ಣ ಸಣ್ಣ ಜೀವಕೋಶಗಳಿಂದಾದದ್ದು. ಅವು ಬೇಕಾದಷ್ಟು ಬೆಳೆದು ನಿಲ್ಲುವುದು ಸಹಜಧರ್ಮ. ಆ ಅಂಕೆ ತಪ್ಪಿ ಬೆಳೆಯುತ್ತಲೇ ಹೋದರೆ ಅದೇ ಕ್ಯಾನ್ಸರು. ಹುಟ್ಟಿದ ಜಾಗದಲ್ಲಿಯೇ ಇರುವತನಕ ಅದನ್ನು ಕಿತ್ತುಹಾಕಬಹುದು. ಅದರ ಕಣಗಳು ರಕ್ತದಲ್ಲಿ ಹರಿದು ಶ್ವಾಸಕೋಶ, ಯಕೃತ್ತು, ಎಲುಬುಗಳಲ್ಲಿ ನೆಲೆಯೂರಿದ ಮೇಲೆ ಕೆಲಸ ಕಠಿಣ. ಹೀಗಿರುವಲ್ಲಿ, ಗಂಟನ್ನು ತೆಗೆಯುವಾಗ ಶಸ್ತ್ರವೈದ್ಯರ ಕೈ ಅದನ್ನು ಒತ್ತುವುದು, ಕೊಯ್ಯುವುದು ಅನಿವಾರ್ಯವಷ್ಟೆ. ಆ ಪೆಟ್ಟಿಗೆ ಗಂಟಿನ ಕಣಗಳು ಉದ್ರೇಕಗೊಂಡು ಹೊರಡುವುದುಂಟೆ? ಪರೇಲಿನ ಶಸ್ತ್ರವೈದ್ಯ ಡಾಕ್ಟರ್ ರಾಜೇಂದ್ರ ಬಡವೆ ಮತ್ತು ಅವರ ಸಂಗಡಿಗರು ಬಹುಕಾಲ ಚಿಂತಿಸಿದ್ದು ಇದನ್ನೇ.

ಊಹೆಯೊಂದಿದ್ದರೆ ಸಾಲದು, ಲೆಕ್ಕ ಬೇಕು. ಈ ಲೆಕ್ಕದ ರೀತಿಯನ್ನು ಒಂದಿಷ್ಟು ವಿವರಿಸುತ್ತೇನೆ, ಏಕೆಂದರೆ “ನಮ್ಮ ಮೇಲೆ ಪ್ರಯೋಗ ಮಾಡುತ್ತಾರಂತೆ” ಎಂದು ಹೆದರುವವರು ಬಹಳ ಮಂದಿ. ಒಂದೇ ಬಗೆಯ ರೋಗಿಗಳನ್ನು, ಅವರ ಒಪ್ಪಿಗೆ ಪಡೆದು, ಚೀಟಿ ಎತ್ತಿದಂತೆ ಎರಡು ಪಾಲು ಮಾಡುತ್ತಾರೆ. ಯಾರು ಯಾವ ಪಾಲಿಗೆ ಎಂಬುದು ವೈದ್ಯರ ಇಚ್ಛೆಯೂ ಅಲ್ಲ, ರೋಗಿಯ ಇಚ್ಛೆಯೂ ಅಲ್ಲ. ಹಾಗೆ ಮಾಡದಿದ್ದರೆ ಗಟ್ಟಿಮುಟ್ಟಾದವರೆಲ್ಲ ಒಂದೇ ಪಾಲಿಗೆ ಬಿದ್ದು, ಗುಣ ಔಷಧದ್ದೋ ಮೈಕಟ್ಟಿನದೋ ತಿಳಿಯದಾಗುತ್ತದೆ. ಒಂದು ಪಾಲಿಗೆ ಈವರೆಗೆ ರೂಢಿಯಲ್ಲಿರುವ ಚಿಕಿತ್ಸೆ. ಇನ್ನೊಂದಕ್ಕೆ ಅದರ ಜೊತೆಗೆ, ಇಲ್ಲವೆ ಅದಕ್ಕೆ ಬದಲಾಗಿ, ಹೊಸದು. ಆಮೇಲೆ ವರ್ಷಗಟ್ಟಲೆ ಎರಡೂ ಖಾತೆಗಳನ್ನು ಬರೆದು ತಾಳೆನೋಡುತ್ತಾರೆ. ಒಪ್ಪಿಗೆಯ ಪತ್ರವನ್ನು ರೋಗಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಬೇಕು. ಬೇಡವೆಂದವರಿಗೂ ರೂಢಿಯ ಚಿಕಿತ್ಸೆ ತಪ್ಪುವುದಿಲ್ಲ. ತಿಳಿಯದೆ ಸಹಿ ಮಾಡಬೇಡಿ, ತಿಳಿದುಕೊಳ್ಳದೆ ಓಡಿಹೋಗಲೂ ಬೇಡಿ.

ಮೊದಲು ಒಂದು ಪ್ರಯೋಗ 2005ರಿಂದ 2013ರವರೆಗೆ ನಡೆಯಿತು. ಕ್ಯಾನ್ಸರು ಆಗಲೇ ಬೇರೆ ಅಂಗಗಳಿಗೆ ಹಬ್ಬಿದ್ದು, ಔಷಧಕ್ಕೆ ಮಣಿದಿದ್ದ 350 ಮಂದಿ ಸ್ತ್ರೀಯರಲ್ಲಿ ಒಂದು ಪಾಲಿನವರಿಗೆ ಸ್ತನದ ಗಂಟನ್ನೂ ತೆಗೆದರು. ಇನ್ನೊಂದು ಪಾಲಿನವರಿಗೆ ತೆಗೆಯಲಿಲ್ಲ. ಎರಡು ವರ್ಷಗಳ ಮೇಲೆ ಬದುಕಿದ್ದವರು ಮೊದಲ ಪಾಲಿನಲ್ಲಿ ನೂರಕ್ಕೆ ಸುಮಾರು 42, ಎರಡನೆಯದರಲ್ಲಿ 43. ಅಂದರೆ ಹಬ್ಬಿದ ಮೇಲೆ ಮೂಲದ ಗಂಟನ್ನು ತೆಗೆದದ್ದರಿಂದ ಆಯುಷ್ಯ ಹೆಚ್ಚಲಿಲ್ಲ. ಅಷ್ಟೇ ಅಲ್ಲ, ಶಸ್ತ್ರಕ್ರಿಯೆಯಾದವರಲ್ಲಿ ದೂರದ ಅಂಗಗಳ ರೋಗ ತುಸು ಬೇಗ ಮುಂದುವರಿದದ್ದೂ ಕಂಡಿತು. ಇದನ್ನು ವೈದ್ಯರು ಮುಚ್ಚಿಡಲಿಲ್ಲ, 2015ರಲ್ಲಿ ಅಚ್ಚುಮಾಡಿ ಲೋಕದ ಮುಂದಿಟ್ಟರು. ನನಗೆ ಅವರ ಮೇಲೆ ಹೆಚ್ಚು ವಿಶ್ವಾಸ ಹುಟ್ಟಿದ್ದು ಇದನ್ನು ಓದಿಯೇ.

ಎರಡನೆಯದು, ಗಂಟು ಇನ್ನೂ ಹಬ್ಬಿರದವರದು. 2011ರಲ್ಲಿ ಆರಂಭವಾಗಿ, ಭಾರತದ 11 ಆಸ್ಪತ್ರೆಗಳಲ್ಲಿ 1600 ಸ್ತ್ರೀಯರನ್ನು ಸೇರಿಸಿಕೊಂಡಿತು. ಎಲ್ಲರಿಗೂ ಶಸ್ತ್ರಕ್ರಿಯೆ ಆಯಿತು. ಒಂದು ಪಾಲಿನವರಿಗೆ ಮಾತ್ರ, ಕತ್ತಿ ಮುಟ್ಟಿಸುವುದಕ್ಕೆ 7ರಿಂದ 10 ನಿಮಿಷ ಮುಂಚೆ, ಗಂಟಿನ ಸುತ್ತಲೂ ಲಿಗ್ನೊಕೇನ್ ಎಂಬ ಮರಗಟ್ಟಿಸುವ ಔಷಧವನ್ನು ಚುಚ್ಚಿದರು. ಹಲ್ಲು ಕೀಳುವಾಗ ಒಸಡಿಗೆ ಚುಚ್ಚುವರಲ್ಲ, ಅದೇ ಜಾತಿಯದು. ಬೆಲೆ ನೂರು ರೂಪಾಯಿಯೊಳಗೆ. ನರಗಳ ಸಂದೇಶವನ್ನು ತಡೆಯುವ ಈ ಮದ್ದು ಗಂಟಿನ ಕಣಗಳ ಉದ್ರೇಕವನ್ನೂ ತಡೆದೀತೆಂಬುದು ಅವರ ತರ್ಕ. ಐದು ವರ್ಷಗಳ ಲೆಕ್ಕ ಹೀಗೆ ಬಂತು: ಚುಚ್ಚುಮದ್ದಿಲ್ಲದವರಲ್ಲಿ ಬದುಕಿದ್ದವರು ನೂರಕ್ಕೆ 86.4, ಚುಚ್ಚಿಸಿಕೊಂಡವರಲ್ಲಿ 90.1. ರೋಗ ಮರುಕಳಿಸದೆ ಇದ್ದವರು 82.6 ಮತ್ತು 86.6. ಫಲವನ್ನು 2022ರಲ್ಲಿ ತಿಳಿಸಿ, 2023ರಲ್ಲಿ ಪ್ರಕಟಿಸಿದರು.

ಈ ಅಂಕಿಗಳನ್ನು ನಿಧಾನವಾಗಿ ನೋಡಬೇಕು. ಚುಚ್ಚುಮದ್ದಿನಿಂದ ನೂರರಲ್ಲಿ ಸುಮಾರು ನಾಲ್ಕು ಮಂದಿ ಹೆಚ್ಚು ಉಳಿದರು. ಆದ್ದರಿಂದ ಕತ್ತಿಯ ಪೆಟ್ಟಿನ ಸಂಶಯ ಪೂರಾ ಹುಸಿಯಲ್ಲದಿರಬಹುದು. ಆದರೆ ಚುಚ್ಚುಮದ್ದಿಲ್ಲದೆ ಬರಿಯ ಕತ್ತಿಗೆ ಮೈಯೊಡ್ಡಿದವರಲ್ಲಿಯೂ ನೂರಕ್ಕೆ 86 ಮಂದಿ ಐದು ವರ್ಷ ದಾಟಿದರಲ್ಲ! ಊರ ಹಿರಿಯರ ಸಂಶಯದಲ್ಲಿ ಎಳ್ಳಷ್ಟು ನಿಜವಿರಲೂಬಹುದು. ಅವರ ಸಲಹೆ ಮಾತ್ರ ತಪ್ಪು. ಆ ಸಹೋದರರು ಮತ್ತೆ ಬಂದಾಗ ಅವರ ಹೆಂಡತಿಗೆ ಮೊದಲು ಔಷಧ ಕೊಟ್ಟು ಗಂಟು ಕುಗ್ಗಿಸಿ, ಆಮೇಲೆ ಶಸ್ತ್ರಕ್ರಿಯೆ ಮಾಡಬೇಕಾಯಿತು. ಈ ಮಾತನ್ನು ಐದು ತಿಂಗಳ ಹಿಂದೆಯೇ ಹೇಳುವಷ್ಟು ನಾನು ಓದಿಕೊಂಡಿರಬೇಕಿತ್ತು.

ಗಂಟನ್ನು ಬೇಗ ಕಂಡುಹಿಡಿಯುವ ಬಗೆ ಹೇಗೆ? ಶ್ರೀಮಂತ ದೇಶಗಳಲ್ಲಿ ಕ್ಷಕಿರಣದಿಂದ ಸ್ತನದ ಚಿತ್ರ ತೆಗೆಯುತ್ತಾರೆ. ನಮ್ಮ ಕೋಟಿಗಟ್ಟಲೆ ಹೆಂಗಸರಿಗೆ ಆ ಯಂತ್ರ ಎಲ್ಲಿಂದ ತರುವುದು? ಡಾಕ್ಟರ್ ಇಂದ್ರನೀಲ್ ಮಿತ್ರ ಅವರ ತಂಡ 1998ರಲ್ಲಿ ಮುಂಬಯಿಯ ಬಡ ವಸತಿಗಳ 1,51,538 ಹೆಂಗಸರನ್ನು ಇಪ್ಪತ್ತು ಗುಂಪು ಮಾಡಿ, ಹತ್ತು ಗುಂಪುಗಳಲ್ಲಿ ಎರಡು ವರ್ಷಕ್ಕೊಮ್ಮೆಯಂತೆ ನಾಲ್ಕು ಸರದಿ ಬರಿಯ ಕೈಬೆರಳುಗಳಿಂದ ಪರೀಕ್ಷೆ ಮಾಡಿಸಿತು. ಪರೀಕ್ಷಿಸಿದವರು ಡಾಕ್ಟರರಲ್ಲ, ಹತ್ತನೆಯ ತರಗತಿಯವರೆಗೆ ಓದಿ ತರಬೇತಿ ಪಡೆದ ಆರೋಗ್ಯ ಸೇವಿಕೆಯರು. (ಮೆಟ್ರಿಕ್ ಓದಿಗೆ ಏನು ಬೆಲೆ ಎಂದು ಮೂಗು ಮುರಿಯುವವರು ಇದನ್ನು ಗಮನಿಸಬೇಕು!) ಇಪ್ಪತ್ತು ವರ್ಷಗಳ ಲೆಕ್ಕವನ್ನು 2021ರಲ್ಲಿ ಪ್ರಕಟಿಸಿದರು. ಪರೀಕ್ಷೆಗೊಳಗಾದ ಗುಂಪುಗಳಲ್ಲಿ ರೋಗ ಬಲಿತ ಮೇಲೆ ಪತ್ತೆಯಾದದ್ದು ನೂರಕ್ಕೆ 37, ಉಳಿದವುಗಳಲ್ಲಿ 47. ಐವತ್ತು ದಾಟಿದ ಹೆಂಗಸರಲ್ಲಿ ಸ್ತನದ ಕ್ಯಾನ್ಸರಿನ ಸಾವು ನೂರಕ್ಕೆ ಸುಮಾರು 30 ಕಡಿಮೆಯಾಯಿತು. ಐವತ್ತರ ಒಳಗಿನವರಲ್ಲಿ ಸಾವು ಇಳಿಯಲಿಲ್ಲ ಎಂಬುದನ್ನೂ ಹೇಳಬೇಕು.

ಈಗ ಬಾಯಿ, ಗಂಟಲುಗಳ ಮಾತು. ಭಾರತದ ಹೆಂಗಸರಲ್ಲಿ ಸ್ತನದ ಕ್ಯಾನ್ಸರು ಹೇಗೋ ಗಂಡಸರಲ್ಲಿ ಬಾಯಿಯ ಕ್ಯಾನ್ಸರು ಹಾಗೆ, ಎಲ್ಲಕ್ಕಿಂತ ಹೆಚ್ಚು. ಈ ಆಸ್ಪತ್ರೆಯ ಮೊದಲ ತಲೆಮಾರಿನ ರೋಗಶಾಸ್ತ್ರಜ್ಞ ಡಾಕ್ಟರ್ ಖಾನೋಲ್ಕರ್ ಮತ್ತು ಅವರ ಸಂಗಡಿಗ ಸಾಂಘ್ವಿ ಮೊದಲಾದವರು 1955ರಷ್ಟು ಹಿಂದೆಯೇ, ಹೊಗೆಸೊಪ್ಪನ್ನು ಅಗಿಯುವವರಿಗೆ ಬಾಯಲ್ಲಿ, ಸೇದುವವರಿಗೆ ಗಂಟಲ ಕಡೆ ಈ ರೋಗ ಹೆಚ್ಚೆಂದು ಲೆಕ್ಕಹಾಕಿ ತೋರಿಸಿದ್ದರು. ಹೊಗೆಸೊಪ್ಪು ಬಿಟ್ಟು ಬರಿಯ ಅಡಿಕೆ ಹಾಕಿದರೆ ಅಡ್ಡಿಯಿಲ್ಲವೆಂದು ನಮ್ಮವರ ನಂಬಿಕೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಮಂಡಲಿ 2004ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅಡಿಕೆಯೇ ಕ್ಯಾನ್ಸರ್‌ಕಾರಕವೆಂದು ನಿರ್ಣಯಿಸಿದೆ. ಶಿವಮೊಗ್ಗ, ಶಿರಸಿ, ಪುತ್ತೂರುಗಳ ನಮ್ಮ ಬಾಂಧವರಿಗೆ ಇದು ಹಿತವಾದ ಮಾತಲ್ಲ; ತಾಂಬೂಲವಿಲ್ಲದೆ ನಮ್ಮಲ್ಲಿ ಮದುವೆಯ ಮಾತೇ ಆರಂಭವಾಗುವುದಿಲ್ಲ. ತಟ್ಟೆಯಲ್ಲಿಟ್ಟು ಕೊಟ್ಟದ್ದನ್ನು ಕಣ್ಣಿಗೊತ್ತಿಕೊಂಡು ಬಿಡಬಹುದು, ದಿನವಿಡೀ ದವಡೆಯಲ್ಲಿ ಒತ್ತಿಟ್ಟುಕೊಳ್ಳುವುದು ಬೇರೆ.

ಬಾಯಿಯ ಕ್ಯಾನ್ಸರು ಮೊದಲು ಹರಿಯುವುದು ಕುತ್ತಿಗೆಯ ಗ್ರಂಥಿಗಳಿಗೆ. ನಾಲಗೆಯ ಸಣ್ಣ ಹುಣ್ಣನ್ನು ತೆಗೆಯುವಾಗ, ಕೈಗೆ ಏನೂ ಸಿಗದ ಕುತ್ತಿಗೆಯನ್ನೂ ಬಿಡಿಸಿ ಗ್ರಂಥಿಗಳನ್ನು ತೆಗೆಯಬೇಕೆ, ಅಥವಾ ಗಂಟು ಕಂಡಮೇಲೆ ತೆಗೆದರಾಯಿತೆ? ಲೋಕದ ಶಸ್ತ್ರವೈದ್ಯರು ಬಹುಕಾಲ ಇದರ ಮೇಲೆ ವಾದಿಸಿದರು. ಸುಮ್ಮನೆ ತೆಗೆದರೆ ಭುಜದ ಶಕ್ತಿ ಕುಂದುವ ಭಯ. ಬಿಟ್ಟರೆ ಅಡಗಿದ ರೋಗದ ಭಯ. ಡಾಕ್ಟರ್ ಅನಿಲ್ ಡಿಕ್ರೂಜ್ ಅವರ ತಂಡ 2004ರಿಂದ 2014ರವರೆಗೆ ಪ್ರಯೋಗ ನಡೆಸಿ, ಮೊದಲ 500 ರೋಗಿಗಳ ಲೆಕ್ಕವನ್ನು 2015ರಲ್ಲಿ ಪ್ರಕಟಿಸಿತು. ಮೊದಲೇ ಕುತ್ತಿಗೆಯನ್ನೂ ಬಿಡಿಸಿದವರಲ್ಲಿ ಮೂರು ವರ್ಷಗಳ ಮೇಲೆ ನೂರಕ್ಕೆ 80 ಮಂದಿ ಬದುಕಿದ್ದರು; ಕಾದುನೋಡಿದವರಲ್ಲಿ 67.5. ಎಂಟು ಮಂದಿಗೆ ಹೀಗೆ ಮಾಡಿದರೆ ಒಂದು ಜೀವ ಉಳಿಯಿತೆಂದು ಲೆಕ್ಕ. ಚಿಕ್ಕ ಹುಣ್ಣಿಗೆ ಇಷ್ಟು ದೊಡ್ಡ ಶಸ್ತ್ರಕ್ರಿಯೆ ಏಕೆ, ಡಾಕ್ಟರರು ಹಣಕ್ಕಾಗಿ ಹೇಳುತ್ತಾರೆ ಎಂದು ಗೊಣಗುವವರಿಗೆ ಉತ್ತರ ಇಲ್ಲಿದೆ.

ಬಡವರ ಮಟ್ಟಿಗೆ ಇನ್ನೂ ಒಂದು ಪ್ರಯೋಗ ಮುಖ್ಯವಾದದ್ದು. ಶಸ್ತ್ರಕ್ರಿಯೆಗೆ ಮೀರಿದ ತಲೆ-ಕುತ್ತಿಗೆಯ ಕ್ಯಾನ್ಸರಿಗೆ ನಿವೊಲುಮಾಬ್ ಎಂಬ ಹೊಸ ಔಷಧವುಂಟು. ಮೈಯ ರಕ್ಷಣಾಶಕ್ತಿಯನ್ನೇ ರೋಗದ ಮೇಲೆ ಎಬ್ಬಿಸುವಂಥದು. ಬೆಲೆ ಬಡವರಿಗೆ ಕೈಗೆಟುಕದ್ದು. ರೂಢಿಯ ಪ್ರಮಾಣ ಎರಡು ವಾರಕ್ಕೊಮ್ಮೆ 240 ಮಿಲಿಗ್ರಾಂ. ಪರೇಲಿನ ಡಾಕ್ಟರ್ ವಿಜಯ ಪಾಟೀಲ, ಕುಮಾರ ಪ್ರಭಾಷ ಮೊದಲಾದವರು ಮೂರು ವಾರಕ್ಕೊಮ್ಮೆ ಬರಿಯ 20 ಮಿಲಿಗ್ರಾಂ ಕೊಟ್ಟು ನೋಡಿದರು. ಆರು ವಾರಕ್ಕೆ ಕೂಡಿಸಿದರೆ 720ರ ಜಾಗದಲ್ಲಿ 40, ಅಂದರೆ ಹದಿನೆಂಟನೆಯ ಒಂದು ಪಾಲು! 151 ರೋಗಿಗಳಲ್ಲಿ, ಗುಳಿಗೆಗಳನ್ನು ಮಾತ್ರ ನುಂಗಿದವರು ಒಂದು ವರ್ಷಕ್ಕೆ ಉಳಿದದ್ದು ನೂರಕ್ಕೆ 16.3, ಗುಳಿಗೆಯೊಡನೆ ಈ ಅಲ್ಪ ಪ್ರಮಾಣವನ್ನೂ ಪಡೆದವರು 43.4. ಪೂರ್ಣ ಪ್ರಮಾಣದೊಡನೆ ಹೋಲಿಸಿ ನೋಡಿದ ಲೆಕ್ಕವಲ್ಲ ಇದು. ಆದರೂ ಪೂರ್ಣ ಪ್ರಮಾಣ ಕನಸಿನ ಮಾತಾದವರಿಗೆ ವ್ಯತ್ಯಾಸ ಅಲ್ಪವಲ್ಲ.

ಕನ್ನಡಿಯ ಮುಂದೆ ನಿಂತು ಬಾಯಿ ತೆರೆದರೆ ನಿಮ್ಮವೇ ಮೂರು ಬೆರಳು ಉದ್ದಕ್ಕೆ ಒಂದರ ಮೇಲೊಂದರಂತೆ ಹಿಡಿಸಬೇಕು. ಹಿಡಿಸದಿದ್ದರೆ, ಒಳಗೆ ಬಿಳಿಯ ಅಥವಾ ಕೆಂಪು ಮಚ್ಚೆ ಕಂಡರೆ, ಹುಣ್ಣು ಮೂರು ವಾರವಾದರೂ ಮಾಯದಿದ್ದರೆ, ಕುತ್ತಿಗೆಯಲ್ಲಿ ಗಂಟು ಸಿಕ್ಕರೆ ತೋರಿಸಿ. ಸ್ತನದಲ್ಲಿ ಗಂಟು, ಚರ್ಮ ಕುಳಿಬೀಳುವುದು, ತೊಟ್ಟು ಒಳಕ್ಕೆ ಸೇದುವುದು, ರಕ್ತ ಒಸರುವುದು ಕಂಡ ತಾಯಂದಿರು, ನೋವಿಲ್ಲವೆಂದು ಸುಮ್ಮನಿರಬಾರದು. ಮೊದಮೊದಲು ಸಾಮಾನ್ಯವಾಗಿ ನೋವು ಇರುವುದಿಲ್ಲ. ಊರಿನಲ್ಲಿ ತುಂಡು ತೆಗೆದು ಪರೀಕ್ಷಿಸಿದ್ದರೆ ವರದಿಯ ಕಾಗದವಷ್ಟೇ ಸಾಲದು. ಪರೀಕ್ಷೆಯ ಗಾಜಿನ ಪಟ್ಟಿಗಳನ್ನೂ ಆ ತುಂಡನ್ನು ಹುದುಗಿಸಿಟ್ಟ ಮೇಣದ ಬಿಲ್ಲೆಯನ್ನೂ ಅಲ್ಲಿಂದ ಕೇಳಿ ತನ್ನಿ. ಪರೇಲಿನಲ್ಲಿ ಅವನ್ನು ಮತ್ತೊಮ್ಮೆ ನೋಡುತ್ತಾರೆ. ಅವಿಲ್ಲದೆ ಬಂದು, ಅವಕ್ಕಾಗಿಯೇ ಹುಬ್ಬಳ್ಳಿಗೋ ಕಲಬುರಗಿಗೋ ರೈಲು ಹತ್ತಿ ಹಿಂದಿರುಗಿದವರನ್ನು ನಾನು ಕಂಡಿದ್ದೇನೆ. ಕಾಗದ ಓದಿಸಬೇಕಾದವರು ಸಂಜೆ ವಾಚನಾಲಯ ತೆರೆದಿರುವಾಗ ಸಂಕೋಚವಿಲ್ಲದೆ ಬರಬಹುದು.