ಕೀಮೋ ವಾರ್ಡಿನ ನಗು ಕಲಿಸಿದ ಪಾಠಗಳು

ರಾಯಚೂರು, ಕಲಬುರಗಿ, ಹಾವೇರಿ, ಚಾಮರಾಜನಗರಗಳಿಂದ ರಾತ್ರಿ ಬಸ್ಸು, ರೈಲು ಹತ್ತಿ ಬೆಂಗಳೂರಿನ ಕ್ಯಾನ್ಸರ್ ಆಸ್ಪತ್ರೆಗೆ ಬರುವವರ ಚೀಲದಲ್ಲಿ ಫೈಲು, ಸ್ಕ್ಯಾನ್ ಕವರು, ಬುತ್ತಿಗಂಟು ಇರುತ್ತವೆ. ಡೇ ಕೇರ್ ಕೀಮೋ ವಾರ್ಡಿನ ನರ್ಸ್ ಆಗಿ ವರ್ಷಗಟ್ಟಲೆ ಇವರಿಗೆ ಡ್ರಿಪ್ ಹಾಕಿದ್ದೇನೆ. ಆ ವಾರ್ಡಿನಲ್ಲಿ ಜನ ನಗುತ್ತಾರೆ, ಅದೂ ಜೋರಾಗಿ. ಮೊದಲ ಸಲ ಬಂದವರು ಬಾಗಿಲಲ್ಲೇ ನಿಂತು, ಬೇರೆಲ್ಲಿಗೋ ಬಂದೆವೇ ಎಂದು ಬೋರ್ಡು ಓದುತ್ತಾರೆ. ಆ ನಗು ಎಲ್ಲಿ ಹುಟ್ಟುತ್ತದೆ, ಯಾವಾಗ ಆಸರೆಯಾಗುತ್ತದೆ, ಯಾವಾಗ ನೋಯಿಸುತ್ತದೆ ಎಂಬುದನ್ನು ನನಗೆ ಕಲಿಸಿದವರು ರೋಗಿಗಳು. ಚಿಕಿತ್ಸೆ ಈಗ ತಾನೇ ಶುರುವಾದವರಿಗೂ, ಈ ಕೆಲಸಕ್ಕೆ ಹೊಸದಾಗಿ ಬರುವ ಹುಡುಗಿಯರಿಗೂ ಉಪಯೋಗಕ್ಕೆ ಬಂದೀತೆಂದು ಬರೆಯುತ್ತಿದ್ದೇನೆ.

1. ತಮಾಷೆಯ ಹಕ್ಕು ಸೂಜಿ ಚುಚ್ಚಿಸಿಕೊಂಡವರದು

ಸ್ತನ ಕ್ಯಾನ್ಸರಿಗೆ ಕೊಡುವ ಡಾಕ್ಸೊರುಬಿಸಿನ್ ಕೆಂಪು ಬಣ್ಣದ ಔಷಧ. ಕೊಟ್ಟ ಒಂದೆರಡು ದಿನ ಮೂತ್ರವೂ ಕೆಂಪಾಗುತ್ತದೆ. ಅದು ರಕ್ತವಲ್ಲ, ಔಷಧದ ಬಣ್ಣ ಎಂದು ಡಾಕ್ಟರು ಹೇಳಿರುತ್ತಾರೆ, ನಾವೂ ಹೇಳುತ್ತೇವೆ. ಕೇಳಿದವಳ ಕಣ್ಣಿನ ಹೆದರಿಕೆ ಮಾತ್ರ ಹೋಗುವುದಿಲ್ಲ. ಒಮ್ಮೆ ಪಕ್ಕದ ಕುರ್ಚಿಯಲ್ಲಿದ್ದ ಹಾವೇರಿ ಕಡೆಯ ಹೆಂಗಸು ಹೇಳಿದರು: “ಅಂಜಬ್ಯಾಡ ತಂಗಿ. ನಾಳೆ ಬಚ್ಚಲದಾಗ ಓಕುಳಿ ಆಡೀನಿ ಅಂತ ತಿಳಕೋ. ನಾ ಮೂರು ಸರ್ತಿ ಆಡೇನಿ, ಏನಾಗೇತಿ ನನಗ?” ಹೊಸಬಳು ನಕ್ಕುಬಿಟ್ಟಳು. ಆಕೆಗೆ ಧೈರ್ಯ ಬಂದದ್ದು ಆ ‘ಮೂರು ಸರ್ತಿ’ಯಿಂದ.

ಅದೇ ಮಾತನ್ನು ನೋಡಲು ಬಂದ ನೆಂಟರೋ ನಾನೋ ಆಡಿದ್ದರೆ ಆಕೆ ಮುಖ ತಿರುಗಿಸುತ್ತಿದ್ದಳು. ಕೂದಲಿನ ವಿಷಯವೂ ಹಾಗೆಯೇ. ಮೊದಲ ಕೀಮೋ ಆಗಿ ಎರಡು ಮೂರು ವಾರಕ್ಕೆ ಕೂದಲು ಬಾಚಣಿಗೆಗೆ ಬರತೊಡಗುತ್ತದೆ. ತಲೆ ಬೋಳಾದವರು ತಮ್ಮತಮ್ಮಲ್ಲೇ “ತಿರುಪತಿಗೆ ಹೋಗದೇನೇ ಮುಡಿ ಕೊಟ್ವಿ” ಎಂದು ನಗಬಹುದು. ಉಳಿದವರು ಆ ಮಾತನ್ನು ಬಾಯಿಗೂ ತರಬಾರದು. ನಗು ಹುಟ್ಟುವುದಕ್ಕೆ ಜಾಗ ಮಾಡಿಕೊಡುವುದಷ್ಟೇ ನಮ್ಮ ಪಾಲಿನ ಕೆಲಸ.

2. ಯಾರ ಪಕ್ಕ ಯಾರು ಎಂದು ಯೋಚಿಸಿ ಕೂರಿಸಬೇಕು

ಅನೇಕ ಕೀಮೋಗಳು 21 ದಿನಕ್ಕೊಮ್ಮೆ ನಡೆಯುತ್ತವೆ. ಹಾಗಾಗಿ ಒಂದೇ ದಿನ ಶುರುಮಾಡಿದವರು ಮತ್ತೆ ಮತ್ತೆ ಎದುರಾಗುತ್ತಾರೆ. 21 ದಿನಕ್ಕೊಮ್ಮೆ ಕೊಡುವ ಪ್ಯಾಕ್ಲಿಟ್ಯಾಕ್ಸೆಲ್ ಡ್ರಿಪ್ ಸುಮಾರು ಮೂರು ಗಂಟೆಯದು. ಅಲರ್ಜಿ ಆಗದಿರಲೆಂದು ಅದಕ್ಕೆ ಮುಂಚೆ ಹಾಕುವ ಅವಿಲ್ ಇಂಜೆಕ್ಷನ್ನಿಗೆ ಕಣ್ಣು ಎಳೆಯುತ್ತದೆ. ಆದ್ದರಿಂದ ಮಾತು ನಡೆಯುವುದು ಇಂಜೆಕ್ಷನ್ನಿಗೆ ಕಾಯುವಾಗ, ಇಲ್ಲವೇ ಡ್ರಿಪ್ ಮುಗಿಯುತ್ತ ಬಂದಾಗ. ಆ ಹೊತ್ತಿಗೆ ಅದೇ ಔಷಧದ ಮೂರನೇ ನಾಲ್ಕನೇ ಸೈಕಲ್ಲಿನವರು ಪಕ್ಕದಲ್ಲಿರಬೇಕು. ಬಾಯಿಗೆ ಕಬ್ಬಿಣದ ರುಚಿ ಬಂದಾಗ ಏನು ಸೇರುತ್ತದೆ, ವಾಂತಿಯ ಮಾತ್ರೆಯನ್ನು ಏಕೆ ಹೊತ್ತಿಗೆ ಸರಿಯಾಗಿ ನುಂಗಬೇಕು, ಬೆರಳ ತುದಿ ಜೋಮು ಹಿಡಿದರೆ ಡಾಕ್ಟರಿಗೆ ಮರೆಯದೆ ಹೇಳಬೇಕು, ಆಯುಷ್ಮಾನ್ ಕಾರ್ಡಿನ ಕಾಗದಕ್ಕೆ ಯಾವ ಕೌಂಟರು, ಎಲ್ಲವೂ ಅಲ್ಲೇ ಇತ್ಯರ್ಥವಾಗುತ್ತದೆ. ರೋಗ ಮರುಕಳಿಸಿ ಬಂದವರ ಪಕ್ಕಕ್ಕೆ ಮೊದಲ ದಿನದವರನ್ನು ಮಾತ್ರ ನಾನು ಕೂರಿಸುವುದಿಲ್ಲ. ಇಬ್ಬರಿಗೂ ಅದು ಹೊರಲಾರದ ಭಾರ.

3. ರೇಡಿಯೇಷನ್ ಸಾಲಿನಲ್ಲಿ ನಗು ಕಣ್ಣಲ್ಲಿರುತ್ತದೆ

ಬಾಯಿ, ಗಂಟಲ ಕ್ಯಾನ್ಸರಿಗೆ ರೇಡಿಯೇಷನ್ ಸಾಮಾನ್ಯವಾಗಿ ಆರೇಳು ವಾರ, ವಾರಕ್ಕೆ ಐದು ದಿನ. ಜೊತೆಗೆ ಸಿಸ್‌ಪ್ಲಾಟಿನ್ ಪಡೆಯಲು ಅವರಲ್ಲಿ ಅನೇಕರು ನಮ್ಮ ವಾರ್ಡಿಗೂ ಬರುತ್ತಾರೆ. ಗುಟ್ಕಾ, ತಂಬಾಕು, ಬೀಡಿ ನಮ್ಮ ಕಡೆ ಈ ಸಾಲನ್ನು ಬಹಳ ಉದ್ದ ಮಾಡಿವೆ. ಮೂರನೇ ವಾರದ ಹೊತ್ತಿಗೆ ಬಾಯ್ತುಂಬ ಹುಣ್ಣು. ಎಂಜಲು ನುಂಗಿದರೂ ಉರಿ. ಕೆಲವರಿಗೆ ಮೂಗಿನ ನಳಿಕೆಯಲ್ಲೇ ಗಂಜಿ. ಬಾಯಿಬಿಟ್ಟು ನಗುವ ಹಾಗಿಲ್ಲ. ಆದರೂ ಇವರು ಹುಬ್ಬು ಹಾರಿಸಿ, ಕೈಸನ್ನೆ ಮಾಡಿ, ಚೀಟಿಯಲ್ಲಿ ಬರೆದು ಒಬ್ಬರನ್ನೊಬ್ಬರು ನಗಿಸುತ್ತಾರೆ.

ಚಿಕಿತ್ಸೆಯ ವೇಳೆ ತಲೆ ಅಲುಗಬಾರದೆಂದು ಬಿಸಿನೀರಲ್ಲಿ ಮೆತ್ತಗಾಗಿಸಿದ ಪ್ಲಾಸ್ಟಿಕ್ ಜಾಲರಿಯನ್ನು ಮುಖಕ್ಕೆ ಒತ್ತಿ ಅಚ್ಚು ತೆಗೆಯುತ್ತಾರೆ. ದಿನವೂ ಆ ಮುಖವಾಡ ಹಾಕಿ ತಲೆಯನ್ನು ಮೇಜಿಗೆ ಬಿಗಿಯುತ್ತಾರೆ. ಉಸಿರು ಕಟ್ಟಿತೆಂದು ಗಾಬರಿಯಾಗುವವರು ಬಹಳ ಮಂದಿ. ಚಿಕಿತ್ಸೆ ಮುಗಿದ ದಿನ ಆ ಮುಖವಾಡವನ್ನು ಕೇಳಿ ಪಡೆದ ರೈತರೊಬ್ಬರು ಚೀಟಿಯಲ್ಲಿ ಬರೆದು ಎಲ್ಲರಿಗೂ ತೋರಿಸಿದರು: “ಜ್ವಾಳದ ಹೊಲದಾಗ ಬೆದರುಬೊಂಬಿಗೆ ಹಾಕತೀನಿ. ಹಕ್ಕಿ ಅಷ್ಟ ಅಲ್ಲ, ಸಾಲ ಕೊಟ್ಟಾಂವನೂ ಓಡಬೇಕು.” ಇಡೀ ಬೆಂಚು ಟವೆಲ್ಲಿನಿಂದ ಬಾಯಿ ಒತ್ತಿಕೊಂಡು ಅಲುಗಾಡಿತು. ಮರುದಿನ ಅಚ್ಚು ಕೊಡಬೇಕಿದ್ದ ಹುಡುಗನೂ ಅಲ್ಲಿದ್ದ.

ಇದಕ್ಕಿಂತ ದೊಡ್ಡದೊಂದು ಆ ಸಾಲಿನಲ್ಲಿದೆ. ಮನೆಯಲ್ಲಿ ಇವರು ದಿನವೂ ಕೇಳುವ ಮಾತು, “ತಿನ್ನಬೇಡ ಅಂದ್ರೆ ಕೇಳಲಿಲ್ಲ, ಈಗ ಅನುಭವಿಸು.” ಹೆಂಡತಿ, ಮಕ್ಕಳು ಸಂಕಟ ತಡೆಯಲಾರದೆ ಆಡುವ ಮಾತದು, ಅವರನ್ನು ದೂರಲಾರೆ. ಆದರೆ ಈ ಬೆಂಚಿನ ಮೇಲೆ ಯಾರೂ ಯಾರನ್ನೂ ‘ಯಾಕೆ ತಿಂದೆ’ ಎಂದು ಕೇಳುವುದಿಲ್ಲ. ಎಲ್ಲರ ಜೇಬಿನಲ್ಲೂ ಅದೇ ಪ್ಯಾಕೆಟ್ ಇದ್ದದ್ದು ಎಲ್ಲರಿಗೂ ಗೊತ್ತು. ತನ್ನಿಂದಲೇ ಮನೆ ಹಾಳಾಯಿತೆಂದು ಕೊರಗುವವನು ತಲೆಯೆತ್ತಿ ಕೂರಲು ಸಿಗುವ ಜಾಗ ಅದು. ತಂಬಾಕು ಬಿಟ್ಟ ಪಣವನ್ನು ಗಟ್ಟಿಯಾಗಿ ಉಳಿಸಿಕೊಳ್ಳುವುದೂ ಇಂಥ ಗೆಳೆಯರ ಕಾವಲಿನಲ್ಲೇ ಎಂದು ನನ್ನ ಅನುಭವ.

4. ದಾಟಿ ಬಂದವರನ್ನು ಆಪರೇಷನ್ನಿಗೆ ಮೊದಲೇ ಕರೆಸಿ

1950ರ ದಶಕದಲ್ಲಿ ಅಮೆರಿಕದ ಟೆರೀಸ್ ಲ್ಯಾಸರ್ ತಮ್ಮ ಸ್ತನದ ಶಸ್ತ್ರಚಿಕಿತ್ಸೆಯ ನಂತರ, ಅದೇ ಸ್ಥಿತಿಯ ಹೆಂಗಸರನ್ನು ಭೇಟಿಯಾಗತೊಡಗಿದರು. ‘ರೀಚ್ ಟು ರಿಕವರಿ’ ಎಂಬ ಹೆಸರಿನಲ್ಲಿ ಅದು ಹಲವು ದೇಶಗಳಿಗೆ ಹರಡಿತು. ದಾಟಿ ಬಂದವರ ಮಾತೇ ಹೆಚ್ಚು ನಾಟುತ್ತದೆ ಎಂಬ ಅದರ ಹಿಂದಿನ ತಿಳಿವು ನಮ್ಮ ವಾರ್ಡಿನಲ್ಲಿ ದಿನವೂ ನಿಜವಾಗುತ್ತದೆ.

ಧ್ವನಿಪೆಟ್ಟಿಗೆ ತೆಗೆಯಬೇಕೆಂದಾಗ ಅನೇಕರು ಬೇಡವೆಂದು ಊರಿಗೆ ಹೊರಟುಬಿಡುತ್ತಾರೆ. ಬೆಂಗಳೂರಿನ ಡಾ. ವಿಶಾಲ್ ರಾವ್ ಮತ್ತು ಜೊತೆಗಾರರು ರೂಪಿಸಿದ, ಆಪರೇಷನ್ನಿನ ನಂತರ ಮಾತಾಡಲು ನೆರವಾಗುವ ‘ಓಂ’ ಧ್ವನಿಸಾಧನದ ಬೆಲೆ ಶುರುವಿನಲ್ಲಿ ಸುಮಾರು 50 ರೂಪಾಯಿ ಇತ್ತು, ವಿದೇಶದಿಂದ ಬರುವಂಥವಕ್ಕೆ ಸಾವಿರಾರು ರೂಪಾಯಿ ಆಗುತ್ತದೆ. ಇದನ್ನೆಲ್ಲ ನಾವು ವಿವರಿಸಬಹುದು. ಆದರೆ ಕತ್ತಿನ ರಂಧ್ರಕ್ಕೆ ಬೆರಳು ಒತ್ತಿ ಮಾತಾಡುವವರೊಬ್ಬರು ಎದುರು ಕೂತು, “ಗೊರಕೆ ನಿಂತೋಯ್ತು ಸಾರ್, ನಮ್ಮ ಮನೆಯವರಿಗೆ ಅದೊಂದು ಲಾಭ” ಎಂದಾಗ ರೋಗಿ ಮೊದಲ ಸಲ ಪ್ರಶ್ನೆ ಕೇಳುತ್ತಾನೆ: ಸ್ನಾನ ಹೇಗೆ ಮಾಡ್ತೀರಿ? ಅಂಗಡಿಯಲ್ಲಿ ಜನ ದಿಟ್ಟಿಸಿ ನೋಡ್ತಾರಾ? ಅಲ್ಲಿಂದ ಮುಂದೆ ನಾನು ಅಲ್ಲಿರಬೇಕಾಗಿಲ್ಲ.

5. ನಕ್ಕರೆ ಕ್ಯಾನ್ಸರ್ ವಾಸಿಯಾಗುತ್ತದೆ ಎಂದು ಯಾರಿಗೂ ಹೇಳಬಾರದು

1989ರಲ್ಲಿ ಡೇವಿಡ್ ಸ್ಪೀಗೆಲ್ ಮತ್ತು ಸಂಗಡಿಗರು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ, ದೇಹದ ಬೇರೆಡೆಗೂ ಹರಡಿದ ಸ್ತನ ಕ್ಯಾನ್ಸರ್ ಇದ್ದ 86 ಹೆಂಗಸರ ಅಧ್ಯಯನ ಪ್ರಕಟಿಸಿದರು. ಗುಂಪಾಗಿ ಕೂತು ನೋವು ಹಂಚಿಕೊಂಡವರು ಹೆಚ್ಚು ಕಾಲ ಬದುಕಿದರು ಎಂಬ ಅದರ ಫಲಿತಾಂಶ ಎಲ್ಲೆಡೆ ಆಸೆ ಹುಟ್ಟಿಸಿತು. 2001ರಲ್ಲಿ ಕೆನಡಾದ ಪಮೇಲಾ ಗುಡ್‌ವಿನ್ ನೇತೃತ್ವದಲ್ಲಿ 235 ಹೆಂಗಸರ ಮೇಲೆ ನಡೆದ ಅಧ್ಯಯನದಲ್ಲಿ ಆಯುಸ್ಸು ಹೆಚ್ಚಿದ್ದು ಕಾಣಲಿಲ್ಲ. ಆದರೆ ಮನಸ್ಸಿನ ತಳಮಳ, ನೋವಿನ ಬಾಧೆ ಕಡಿಮೆಯಾದದ್ದು ಕಂಡಿತು. ಮೊದಲೇ ಹೆಚ್ಚು ಕುಗ್ಗಿದ್ದವರಿಗೆ ಲಾಭ ಹೆಚ್ಚು. ನನಗೆ ಅಷ್ಟು ಸಾಕು. ನೋವು ಒಂದಿಷ್ಟು ಕಡಿಮೆಯಾಗುವುದು ಸಣ್ಣ ಮಾತಲ್ಲ.

‘ನಗ್ತಾ ನಗ್ತಾ ಇರಿ, ಎಲ್ಲ ಸರಿಹೋಗುತ್ತೆ’ ಎಂಬುದನ್ನು ನೂರು ಬಾಯಲ್ಲಿ ಕೇಳಿಸಿಕೊಂಡ ಹೆಂಗಸಿನ ಸ್ಕ್ಯಾನಿನಲ್ಲಿ ಗೆಡ್ಡೆ ಬೆಳೆದಿದ್ದರೆ ಆಕೆ ಏನೆಂದುಕೊಳ್ಳಬೇಕು? ತಾನು ಸಾಕಷ್ಟು ನಗಲಿಲ್ಲ ಎಂದೇ? ಹಾಗೆ ಕೇಳಿ ಅತ್ತವರ ಕೈಹಿಡಿದು ಕೂತಿದ್ದೇನೆ. ಗೋಡೆಯತ್ತ ತಿರುಗಿ ಮಲಗಲು ಬಯಸುವವರನ್ನು ಹಾಗೇ ಬಿಡಬೇಕು. ಪಕ್ಕದವರು ಬಿಡುತ್ತಾರೆ, ಹೊದಿಕೆ ಸರಿಮಾಡಿ ಸುಮ್ಮನಾಗುತ್ತಾರೆ. ಹುರಿದುಂಬಿಸಲು ಹೊರಡುವವರು ಹೊರಗಿನವರು.

6. ರಕ್ತಕಣ ಇಳಿದಾಗ ಗೆಳೆತನ ಫೋನಿನಲ್ಲಿ

ಕೀಮೋ ಆಗಿ ಸುಮಾರು ಏಳರಿಂದ ಹದಿನಾಲ್ಕು ದಿನದ ನಡುವೆ ಬಿಳಿ ರಕ್ತಕಣ ತೀರ ಇಳಿಯುವುದುಂಟು. ಆಗ ಒಬ್ಬರ ಮನೆಗೊಬ್ಬರು ಹೋಗುವುದು ಬೇಡ. ಜ್ವರ 100.4 ಡಿಗ್ರಿ ಮುಟ್ಟಿದರೆ ಗೆಳತಿಯ ಸಲಹೆಗೆ ಕಾಯದೆ ಆಸ್ಪತ್ರೆಗೆ ಹೊರಡಬೇಕು. ವಾಟ್ಸ್ಆ್ಯಪ್ ಗುಂಪಿನಲ್ಲಿ ನಗೆ ಹಂಚಿ, ನಾಟಿ ಔಷಧಿ ಹಂಚಬೇಡಿ.

7. ಒಬ್ಬರು ಬಾರದ ದಿನ ಸುಳ್ಳು ಹೇಳಬಾರದು

“ಮಂಡ್ಯದ ಅಕ್ಕ ಎಲ್ಲಿ ಸಿಸ್ಟರ್?” ಊರಿಗೆ ಹೋಗಿದ್ದಾರೆ ಎಂದು ತೇಲಿಸಿದರೆ ಅವರಿಗೆ ತಿಳಿದೇ ತಿಳಿಯುತ್ತದೆ. ಆಮೇಲೆ ನಮ್ಮ ಯಾವ ಮಾತನ್ನೂ ನಂಬುವುದಿಲ್ಲ. ಮನೆಯವರ ಒಪ್ಪಿಗೆ ಕೇಳಿ, ಅವರು ಒಪ್ಪಿದರೆ ನೇರವಾಗಿ ತಿಳಿಸುತ್ತೇನೆ. ಒಪ್ಪದಿದ್ದರೆ “ಅದನ್ನ ನಾನು ಹೇಳೋ ಹಾಗಿಲ್ಲಮ್ಮ” ಎನ್ನುತ್ತೇನೆ. ತಿಳಿದ ದಿನ ಅವರು ಅಳುತ್ತಾರೆ. ಮುಂದಿನ ಸೈಕಲ್ಲಿಗೆ ಬಂದಾಗ ಅಕ್ಕ ಹೇಳುತ್ತಿದ್ದ ಅತ್ತೆ-ಸೊಸೆ ಕತೆಗಳನ್ನು ಅವರದೇ ದನಿಯಲ್ಲಿ ಆಡಿ ತೋರಿಸುತ್ತಾರೆ. ಹಾಗೆ ನಗುವುದು ಸತ್ತವರಿಗೆ ಮಾಡುವ ಅಗೌರವವೆಂದು ಯಾರಾದರೂ ಗದರಿದರೆ ನಾನು ಮಧ್ಯೆ ಹೋಗುತ್ತೇನೆ.

8. ಚಿಕಿತ್ಸೆ ಮುಗಿದವರಿಗೆ ಜೊತೆ ಹೆಚ್ಚು ಬೇಕು

ಕೊನೆಯ ಡ್ರಿಪ್ಪಿನ ದಿನ ಮನೆಯವರು ಸಿಹಿ ಹಂಚುತ್ತಾರೆ. ರೋಗಿಯ ಮುಖದಲ್ಲಿ ಅಷ್ಟು ಗೆಲುವಿರುವುದಿಲ್ಲ. ಊರಲ್ಲಿ ಕೇಳುವವರು ‘ಗುಣ ಆಯ್ತಲ್ಲ’ ಎಂದು ಮಾತು ಮುಗಿಸುತ್ತಾರೆ. ಬೆರಳ ಜೋಮು, ರಾತ್ರಿಯ ಭಯ ಮಾತ್ರ ಉಳಿದಿರುತ್ತವೆ. ಸಾಮಾನ್ಯವಾಗಿ ಮೊದಲೆರಡು ವರ್ಷ ಕೆಲವು ತಿಂಗಳಿಗೊಮ್ಮೆ ಫಾಲೋ ಅಪ್ ಇರುತ್ತದೆ. ಒಂದೇ ಊರಿನ, ಒಂದೇ ಬ್ಯಾಚಿನ ಗೆಳತಿಯರಿಗೆ ಒಂದೇ ದಿನದ ತಾರೀಕು ಬರೆದುಕೊಡಿ ಎಂದು ಓಪಿಡಿ ಕೌಂಟರಿನಲ್ಲಿ ಕೇಳಿಕೊಳ್ಳುತ್ತೇನೆ. ಡಾಕ್ಟರಿಗೆ ಅದರಿಂದ ತೊಂದರೆಯಿಲ್ಲ. ಇವರು ಒಂದೇ ಬಸ್ಸಿಗೆ ಟಿಕೆಟ್ ಮಾಡಿಸಿಕೊಂಡು ಬರುತ್ತಾರೆ.