ತಲೆಗೆ ಪೆಟ್ಟಾದ ಮಗು ಶಾಲೆಗೆ ಮರಳಿದಾಗ

ಕಬ್ಬಿನ ಹಂಗಾಮು ಸುರುವಾಯಿತೆಂದರೆ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ರಸ್ತೆಗಳಲ್ಲಿ ಟ್ರ್ಯಾಕ್ಟರುಗಳದ್ದೇ ಸಾಲು. ಶಾಲೆ ಬಿಟ್ಟ ಹುಡುಗರು ಹಿಂದೆ ಓಡಿ ಕಬ್ಬು ಎಳೆಯುತ್ತಾರೆ, ಟ್ರೇಲರಿಗೆ ಜೋತುಬೀಳುತ್ತಾರೆ, ಕೆಲವರು ಬೀಳುತ್ತಾರೆ. ಕಬಡ್ಡಿ ಅಂಗಳ, ಹುಣಸಿ ಗಿಡ, ಅಪ್ಪನ ಬೈಕು ಇದ್ದೇ ಇವೆ. ರಕ್ತ ಬರಲಿಲ್ಲ, ಎಚ್ಚರ ತಪ್ಪಲಿಲ್ಲ ಎಂದರೆ ಮನೆಯವರು "ಏನೂ ಆಗಿಲ್ಲ ತಗೋರಿ" ಎನ್ನುತ್ತಾರೆ.

ಆದರೆ ಬುರುಡೆಯೊಳಗೆ ಮೆದುಳು ಜೋರಾಗಿ ಅಲುಗಾಡಿದರೆ ಅದರ ಕೆಲಸ ಕೆಲವು ದಿನ ಏರುಪೇರಾಗುತ್ತದೆ. ಇದಕ್ಕೆ ವೈದ್ಯರು ಕನ್‌ಕಶನ್ ಎನ್ನುತ್ತಾರೆ. ಎಚ್ಚರ ತಪ್ಪದೆಯೂ ಇದು ಆಗುತ್ತದೆ. ಸಿ.ಟಿ. ಸ್ಕ್ಯಾನಿನಲ್ಲಿ ಸಾಮಾನ್ಯವಾಗಿ ಏನೂ ಕಾಣುವುದಿಲ್ಲ.

ಮೇಲಿಂದ ಮೇಲೆ ವಾಂತಿ, ಫಿಟ್ಸ್, ಹೆಚ್ಚುತ್ತಲೇ ಹೋಗುವ ತಲೆನೋವು, ಎಬ್ಬಿಸಿದರೂ ಏಳದ ನಿದ್ದೆ, ಕೈಕಾಲು ಸೋಲುವುದು, ಕಿವಿ ಮೂಗಿನಿಂದ ರಕ್ತ ಅಥವಾ ನೀರು: ಇವುಗಳಲ್ಲಿ ಒಂದು ಕಂಡರೂ ಅರಿಷಿಣ ಹಚ್ಚುತ್ತ ಕೂಡಬೇಡಿ, 108ಕ್ಕೆ ಫೋನ್ ಮಾಡಿ.

ಇಂಥ ಅಪಾಯವಿಲ್ಲದ ಮಗುವಿನ ಕಷ್ಟ ಶಾಲೆಯಲ್ಲಿ ಗೊತ್ತಾಗುತ್ತದೆ. ನೋಡಲಿಕ್ಕೆ ಗಟ್ಟಿಯಾಗಿರುತ್ತದೆ, ಆದರೆ ಬೋರ್ಡು ನೋಡಿ ಬರೆಯುವಾಗ ತಲೆ ಸುತ್ತುತ್ತದೆ, ನಿನ್ನೆ ಕಲಿತದ್ದು ಇವತ್ತು ನೆನಪಿಲ್ಲ, ಸಣ್ಣ ಮಾತಿಗೂ ಸಿಟ್ಟು. "ಈಗೀಗ ಭಾಳ ಆಲಸಿ ಆಗ್ಯಾನ್ರಿ" ಎಂಬ ಮಾತು ಮಾಸ್ತರರಿಂದ ನಾವು ಕೇಳುತ್ತೇವೆ. ಆ ಹೆಸರು ಒಮ್ಮೆ ಅಂಟಿದರೆ ಪೆಟ್ಟು ವಾಸಿಯಾದರೂ ಹೋಗುವುದಿಲ್ಲ. ಓದಿನಲ್ಲಿ ಮೊದಲೇ ಹಿಂದಿರುವ ಮಗು ಶಾಲೆಯನ್ನೇ ಬಿಟ್ಟೀತು.

ವಾರಗಟ್ಟಲೆ ಕತ್ತಲೆ ಕೋಣೆಯಲ್ಲಿ ಮಲಗಿಸುವುದೂ ಸರಿಯಲ್ಲ. 2022ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಸೇರಿದ್ದ ತಜ್ಞರು ಹೇಳಿದ್ದೂ ಇದನ್ನೇ: ಮೊದಲ ಒಂದೆರಡು ದಿನ ವಿಶ್ರಾಂತಿ, ಮೊಬೈಲು ಟಿ.ವಿ. ಕಡಿಮೆ, ಆಮೇಲೆ ಸ್ವಲ್ಪ ನಡೆದಾಟ, ಸ್ವಲ್ಪ ಓದು, ದಿನಾ ಅಷ್ಟಷ್ಟೇ ಹೆಚ್ಚು. ಬೇಕಿದ್ದರೆ ಮೊದಲಿಗೆ ಅರ್ಧ ದಿನ ಶಾಲೆ ಸಾಕು. ಪ್ರಾರ್ಥನೆ ವೇಳೆ ಬಿಸಿಲಲ್ಲಿ ನಿಲ್ಲಿಸಬೇಡಿ. ತಗಡಿನ ಶೆಡ್ಡಿನ ಗದ್ದಲ ತಾಳದಿದ್ದರೆ ಬಿಸಿಯೂಟಕ್ಕೆ ಬೇರೆ ಕಡೆ ಕೂಡ್ರಿಸಿ. ಬೋರ್ಡಿನದ್ದನ್ನು ಗೆಳತಿ ಬರೆದುಕೊಡಲಿ, ಕಿರುಪರೀಕ್ಷೆ ಒಂದು ವಾರ ಮುಂದೆ ಹೋಗಲಿ. ತಲೆನೋವು ಹೆಚ್ಚಾದರೆ ಯಾರಿಗೆ ಹೇಳಬೇಕೆಂದು ಮಗುವಿಗೆ ಗೊತ್ತಿರಬೇಕು. ಒಬ್ಬ ಅಕ್ಕೋರು ಈ ಜವಾಬ್ದಾರಿ ಹೊತ್ತರೆ ಸಾಕು. ಇದಕ್ಕೆ ರೊಕ್ಕ ಬೇಡ. ತಲೆಗೆ ಮೊಟಕುವುದಂತೂ ಯಾವ ಮಗುವಿಗೂ ಬೇಡ. ದೈಹಿಕ ಶಿಕ್ಷೆಯನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯೇ ನಿಷೇಧಿಸಿದೆ.

ಆಟದ ಮಾತು ಬೇರೆ. ಪೆಟ್ಟಾದ ದಿನ ಮತ್ತೆ ಅಂಗಳಕ್ಕೆ ಇಳಿಸಲೇಬಾರದು. ಪಾಠ ಮೊದಲಿನಂತೆ ನಡೆದು ವೈದ್ಯರು ಒಪ್ಪುವವರೆಗೆ ಕಬಡ್ಡಿ, ಕುಸ್ತಿ, ಸೈಕಲ್ ಬೇಡ. ತಾಲೂಕು ಮಟ್ಟದ ಪಂದ್ಯವಿದ್ದರೂ ಬೇಡವೆನ್ನಿ, ಏಕೆಂದರೆ ಮೊದಲನೆಯದು ಮಾಯುವ ಮುನ್ನ ಬೀಳುವ ಎರಡನೇ ಪೆಟ್ಟು ಬಹಳ ಕೆಟ್ಟದ್ದು.

ಹೆಚ್ಚಿನ ಮಕ್ಕಳು ನಾಲ್ಕು ವಾರದೊಳಗೆ ಸುಧಾರಿಸುತ್ತಾರೆ. ಆಗದಿದ್ದರೆ ತಾಲೂಕು ಆಸ್ಪತ್ರೆಗೆ, ಅಲ್ಲಿಂದ ಕಳಿಸಿದರೆ ಬೆಳಗಾವಿಯ ಬಿಮ್ಸ್‌ಗೆ ಕರೆದೊಯ್ಯಿರಿ. ತರಗತಿಯಲ್ಲಿ ಏನೇನು ಕಷ್ಟವಾಗುತ್ತಿದೆ ಎಂದು ಮಾಸ್ತರರು ಬರೆದ ಚೀಟಿ ಜೊತೆಗಿರಲಿ.