ತಪ್ಪು ಹುಡುಕಲು ಕೋಡ್ ಹುಟ್ಟಲೇಬೇಕೆ?

ಪ್ರಶ್ನೆ: ಸರ್, ನಮ್ಮದು ಸಿ++ನಲ್ಲಿ ಕೆಲಸ ಮಾಡುವ ಸಣ್ಣ ತಂಡ. ಇಂಟರಪ್ಟ್ ಹ್ಯಾಂಡ್ಲರ್ ಒಳಗೆ ಯಾರೂ ‘ಮ್ಯಾಲಕ್’ ಕರೆಯಕೂಡದು ಎಂಬ ನಿಯಮವಿದೆ. ಅದನ್ನು ಹಿಡಿಯಲು ಕ್ಲ್ಯಾಂಗ್ ಪ್ಲಗಿನ್ ಬರೆದಿದ್ದೇನೆ. ಕೆಲಸವೇನೋ ಮಾಡುತ್ತದೆ, ಆದರೆ ಬರೀ ತಪಾಸಣೆಗೂ ಪೂರ್ತಿ ಬಿಲ್ಡ್ ಮುಗಿಯುವವರೆಗೆ ಕಾಯಬೇಕು. ಆಬ್ಜೆಕ್ಟ್ ಫೈಲ್ ಹುಟ್ಟಿಸದೆ ತಪಾಸಣೆಯಷ್ಟೇ ನಡೆಸಬಹುದೆ?
— ಓದುಗರು, ಮೈಸೂರು

ಉತ್ತರ: ಧಾರಾಳವಾಗಿ. ನೀವು ಬಹುಶಃ ‘-ಆ್ಯಡ್-ಪ್ಲಗಿನ್’ ಬಳಸುತ್ತಿದ್ದೀರಿ. ಹಾಗೆಂದರೆ ಕಂಪೈಲರ್ ತನ್ನ ಕೆಲಸವನ್ನೂ ಮಾಡುತ್ತದೆ, ಜೊತೆಗೆ ನಿಮ್ಮದನ್ನೂ. ಬರೀ ‘-ಪ್ಲಗಿನ್’ ಎಂದು ಕೊಟ್ಟರೆ ಅದರ ಕೆಲಸದ ಜಾಗಕ್ಕೇ ನಿಮ್ಮದು ಬರುತ್ತದೆ. ನನಗೆ ಮೆಚ್ಚುಗೆಯಾದದ್ದು ಇನ್ನೂ ಸುಲಭದ ದಾರಿ: ಈಗಿನ ಆಜ್ಞೆ ಹಾಗೇ ಇರಲಿ, ಕೊನೆಗೆ ‘-ಎಫ್‌ಸಿಂಟ್ಯಾಕ್ಸ್-ಓನ್ಲಿ’ ಸೇರಿಸಿ. ಹೆಸರು ನೋಡಿ ಮೋಸಹೋಗಬೇಡಿ, ಅದು ನೋಡುವುದು ಬರೀ ವ್ಯಾಕರಣವನ್ನಲ್ಲ. ಟೈಪ್ ಪರೀಕ್ಷೆ, ಟೆಂಪ್ಲೇಟ್ ಬಿಡಿಸುವುದು ಎಲ್ಲ ಮುಗಿದು ಎಎಸ್‌ಟಿ ಎಂಬ ಮರ ಪೂರ್ತಿ ಬೆಳೆದ ಮೇಲೆಯೇ ಕಂಪೈಲರ್ ನಿಲ್ಲುತ್ತದೆ. ನಿಮ್ಮ ಪ್ಲಗಿನ್‌ಗೆ ಬೇಕಾದದ್ದು ಆ ಮರವೇ ತಾನೆ? ಉಳಿತಾಯವಾಗುವುದು ಆಪ್ಟಿಮೈಸೇಶನ್, ಕೋಡ್ ಬರೆಯುವ ಹೊತ್ತು ಮಾತ್ರ. ಹೆಡರ್ ಫೈಲುಗಳನ್ನು ಓದುವ ಹೊತ್ತು ತಪ್ಪದು.

ಈ ಆಯ್ಕೆಯನ್ನು ಮಾಮೂಲಿ ಬಿಲ್ಡ್‌ಗೇ ಸೇರಿಸಿದರೆ ಆಬ್ಜೆಕ್ಟ್ ಫೈಲ್ ಸಿಗಲಿಲ್ಲವೆಂದು ಲಿಂಕರ್ ಕೂಗುತ್ತದೆ. ಮೇಕ್‌ಫೈಲಿನಲ್ಲಿ ‘ಚೆಕ್’ ಎಂದು ಬೇರೆ ಟಾರ್ಗೆಟ್ ಮಾಡಿ. ಆದರೆ ‘-ಡಿ’ ಆಯ್ಕೆಗಳು ಮಾತ್ರ ಮಾಮೂಲಿ ಬಿಲ್ಡ್‌ನಲ್ಲಿರುವವೇ ಇರಲಿ. ಒಮ್ಮೆ ನಾನು ಒಂದನ್ನು ಬಿಟ್ಟೆ. ‘ಇಫ್‌ಡೆಫ್’ ಒಳಗಿನ ಹ್ಯಾಂಡ್ಲರೇ ಮಾಯವಾಗಿ, ತಪಾಸಣೆ ‘ತಪ್ಪೇನೂ ಇಲ್ಲ’ ಎಂದಿತು. ಇಲ್ಲದ ಕೋಡಿನಲ್ಲಿ ತಪ್ಪೆಲ್ಲಿಂದ ಬರಬೇಕು!

ಇನ್ನು ನೀವು ಕೇಳದ ಒಂದು ಮಾತು. ಹ್ಯಾಂಡ್ಲರ್ ಕರೆದ ಫಂಕ್ಷನ್ ಬೇರೆ ಫೈಲಿನಲ್ಲಿದ್ದು, ಅದು ‘ಮ್ಯಾಲಕ್’ ಕರೆದರೆ? ಕ್ಲ್ಯಾಂಗ್ ಒಂದು ಸಲಕ್ಕೆ ನೋಡುವುದು ಒಂದೇ ಸೋರ್ಸ್ ಫೈಲ್. 1970ರ ದಶಕದಲ್ಲಿ ಬೆಲ್ ಲ್ಯಾಬ್ಸ್‌ನ ಸ್ಟೀಫನ್ ಜಾನ್ಸನ್ ‘ಲಿಂಟ್’ ಎಂಬ ತಪಾಸಣೆಯ ಪ್ರೋಗ್ರಾಂ ಕಟ್ಟಿದಾಗಲೂ ಇದೇ ತೊಡಕಿತ್ತು. ಅವರು ತಮ್ಮದೇ ಸಿ ಕಂಪೈಲರನ್ನು ತುಸು ಮಾರ್ಪಡಿಸಿ ಮೊದಲ ಹಂತವಾಗಿಸಿದರು. ಅದು ಕೋಡ್ ಬರೆಯುವ ಬದಲು ಮಾಹಿತಿ ಬರೆದಿಡುತ್ತಿತ್ತು. ಎಲ್ಲ ಫೈಲುಗಳ ಮಾಹಿತಿಯನ್ನು ತಾಳೆ ನೋಡಲು ಎರಡನೆಯ ಪ್ರೋಗ್ರಾಂ. ನೀವೂ ಹಾಗೇ ಮಾಡಿ: ಯಾರು ಯಾರನ್ನು ಕರೆದರೆಂದು ಪ್ಲಗಿನ್ ಒಂದು ಫೈಲಿಗೆ ಬರೆಯಲಿ, ಜೋಡಿಸುವುದಕ್ಕೆ ಸಣ್ಣ ಸ್ಕ್ರಿಪ್ಟ್ ಸಾಕು.

ಪ್ರಶ್ನೆ: ಜಿಸಿಸಿಯಲ್ಲಿ ‘-ಎಫ್‌ಸಿಂಟ್ಯಾಕ್ಸ್-ಓನ್ಲಿ’ ಆಯ್ಕೆ ಕೊಟ್ಟೆ. ಎರರ್ ಇಲ್ಲ, ಆದರೆ ಪ್ಲಗಿನ್‌ನಲ್ಲಿ ನಾನು ಸೇರಿಸಿದ ಜಿಂಪಲ್ ಪಾಸ್ ಓಡುವುದೇ ಇಲ್ಲ. ಏಕೆ?
— ಓದುಗರು, ಹುಬ್ಬಳ್ಳಿ

ಉತ್ತರ: ಜಿಂಪಲ್ ಎಂಬುದು ಪಾರ್ಸಿಂಗ್ ದಾಟಿದ ಮೇಲಿನ ರೂಪ. ಈ ಆಯ್ಕೆ ಕೊಟ್ಟಾಗ ಜಿಸಿಸಿ ಅಲ್ಲಿಯವರೆಗೆ ಹೋಗುವುದೇ ಇಲ್ಲ. ‘ಮೇಬಿ-ಅನ್‌ಇನಿಶಿಯಲೈಸ್ಡ್’ ಎಚ್ಚರಿಕೆ ಆಗ ಕಾಣದಿರುವುದೂ ಇದರಿಂದಲೇ. ನಿಮ್ಮ ನಿಯಮ ಎಷ್ಟು ಆಳದ್ದೋ ಅಷ್ಟು ದೂರ ಕಂಪೈಲರ್ ಓಡಲೇಬೇಕು. ಹಾಗಾಗಿ ‘-ಎಸ್’ ಕೊಟ್ಟು, ಔಟ್‌ಪುಟ್ಟನ್ನು ‘/ಡೆವ್/ನಲ್’ಗೆ ಕಳಿಸಿ. ಅಸೆಂಬ್ಲಿ ಬರೆದದ್ದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ ಆಗುತ್ತದೆ, ನಿಜ. ಆದರೆ ಅಸೆಂಬ್ಲರ್, ಲಿಂಕರ್‌ಗಳ ಕೆಲಸ ತಪ್ಪುತ್ತದೆ, ಡಿಸ್ಕಿನಲ್ಲೂ ಏನೂ ಬೀಳುವುದಿಲ್ಲ.